ಗಿರಣಿಯಲ್ಲಿ ಕೂಗಿದ ಚೀಟಿ

ನಾನು ಚಿಕ್ಕವನಿದ್ದಾಗ ಅಪ್ಪನ ಅಂಗಿಯ ಒಳಜೇಬಿಗೆ ಕೈ ಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಲ್ಲಿ ಎಷ್ಟು ದುಡ್ಡಿದೆ ಎಂದು ಅಮ್ಮನೂ ಕೇಳುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕೆಲಸಕ್ಕೆ ಸೇರಿದ ನಾನು, ಗಂಡಸು ಮನೆ ನಡೆಸುವುದೆಂದರೆ ಹೀಗೆಯೇ ಎಂದುಕೊಂಡಿದ್ದೆ. ಅದು ತಪ್ಪೆಂದು ತಿಳಿದದ್ದು, ಮಕ್ಕಳೇ, ನನ್ನ ಮಗಳು, ಅಂದರೆ ನಿಮ್ಮ ಅಮ್ಮ ಚಿಕ್ಕವಳಿದ್ದಾಗ, ಒಂದು ಭಾನುವಾರ.

ಆಗ ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ನಾನು ಶಿವಾಜಿನಗರದಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದೆ. ಮೈಯೆಲ್ಲ ರೆಕ್ಸಿನ್ ವಾಸನೆ, ಉಗುರಿನ ಸಂದಿಯಲ್ಲಿ ತೆಂಗಿನ ನಾರು. ನನ್ನ ಹೊಲಿಗೆಯಲ್ಲಿ ಒಂದು ಎಳೆ ಬಿಟ್ಟಿದೆ ಎಂದು ಯಾವ ಗಿರಾಕಿಯೂ ವಾಪಸ್ ಬಂದಿರಲಿಲ್ಲ. ಶನಿವಾರ ಬಟವಾಡೆ ಆದರೆ ಮನೆ ಖರ್ಚಿಗೆ ನಿಮ್ಮ ಅಜ್ಜಿಯ ಕೈಗೆ ಒಂದಿಷ್ಟು ಕೊಡುತ್ತಿದ್ದೆ. ಉಳಿದದ್ದು ನನ್ನ ಒಳಜೇಬಿಗೆ.

ನಿಮ್ಮ ಅಮ್ಮನಿಗೆ ಒಳ್ಳೆಯ ಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು. ಸೋಮವಾರ ಮಧ್ಯಾಹ್ನದೊಳಗೆ ಮೂರು ಸಾವಿರ ಕಟ್ಟದಿದ್ದರೆ ಸೀಟು ಬೇರೆಯವರಿಗೆ. ದುಡ್ಡಿಗೇನು ಮಾಡುವುದೆಂದು ನಿಮ್ಮ ಅಜ್ಜಿ ಎರಡು ಸಲ ಕೇಳಿದಳು. "ನಾನಿರೋವಾಗ ಆ ಯೋಚ್ನೆ ನಿನಗ್ಯಾಕೆ?" ಎಂದು ಬಾಯಿ ಮುಚ್ಚಿಸಿದೆ.

ನನ್ನ ಧೈರ್ಯವೆಲ್ಲ ಒಂದು ಚೀಟಿಯ ಮೇಲಿತ್ತು. ಹಿಟ್ಟಿನ ಗಿರಣಿಯವರು ನಡೆಸುತ್ತಿದ್ದ ಚೀಟಿ ಅದು. ಇಪ್ಪತ್ತು ಜನ ತಿಂಗಳಿಗೆ ಇನ್ನೂರರಂತೆ ಹಾಕಿದರೆ ನಾಲ್ಕು ಸಾವಿರ. ತುರ್ತು ಇದ್ದವರು "ಇಷ್ಟು ಬಿಟ್ಟುಕೊಡ್ತೀನಿ" ಎಂದು ಕೂಗಬೇಕು. ಹೆಚ್ಚು ಬಿಟ್ಟವರಿಗೆ ಆ ತಿಂಗಳ ಚೀಟಿ. ಬಿಟ್ಟ ದುಡ್ಡನ್ನು ಇಪ್ಪತ್ತು ಜನಕ್ಕೂ ಸಮನಾಗಿ ಹಂಚುತ್ತಿದ್ದರು. ನಾನು ಸಾವಿರ ಬಿಟ್ಟರೂ ಫೀಸಿಗೆ ಸರಿಹೋಗುತ್ತಿತ್ತು. ಪ್ರತಿ ತಿಂಗಳು ಹಣ ಕೊಟ್ಟು ಬರುತ್ತಿದ್ದೆನಷ್ಟೆ, ಕೂಗಿಗೆ ಕೂತದ್ದು ಅಂದೇ ಮೊದಲು.

ಗಿರಣಿಯ ತುಂಬ ಬಿಸಿ ರಾಗಿಹಿಟ್ಟಿನ ಘಮ. ಎಲ್ಲರ ಹುಬ್ಬಿನ ಮೇಲೂ ಬಿಳಿ ಪುಡಿ. ನಾನು "ಇನ್ನೂರು" ಎಂದೆ. ಯಾರೂ ಮಾತಾಡಲಿಲ್ಲ. ಸಿಕ್ಕಿಬಿಟ್ಟಿತು ಎನ್ನುವಷ್ಟರಲ್ಲಿ ಮೂಲೆಯಿಂದ, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು "ಮುನ್ನೂರು" ಎಂದಳು. ನನಗೆ ಅವಳ ಪರಿಚಯವಿರಲಿಲ್ಲ. ನಾನು ಐನೂರು ಎಂದರೆ ಅವಳು ಆರುನೂರು. ಸಾವಿರ ದಾಟಿದಾಗ ನಿಲ್ಲಿಸಬೇಕಿತ್ತು. ಆದರೆ ಅವಳು ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಾ, "ಯಾಕಣ್ಣ, ಸುಸ್ತಾಯ್ತಾ?" ಎಂದುಬಿಟ್ಟಳು. ಎಲ್ಲರೂ ನಕ್ಕರು. ನನ್ನ ಮೀಸೆಗೆ ಬೆಂಕಿ ಬಿದ್ದ ಹಾಗಾಯಿತು. "ಒಂದೂವರೆ ಸಾವಿರ!" ಎಂದು ಕಿರುಚಿದೆ. ಅವಳು ಸುಮ್ಮನಾದಳು.

ಗೆದ್ದೆ. ಕೈಗೆ ಬಂದದ್ದು ಎರಡೂವರೆ ಸಾವಿರ. ಐನೂರು ಕಡಿಮೆ! ಮನೆ ಸೇರುವಷ್ಟರಲ್ಲಿ ಬಾಯಿ ಒಣಗಿತ್ತು. ನಿಮ್ಮ ಅಜ್ಜಿ ನೀರು ಕೊಟ್ಟಳು. ಲೋಟ ಕೆಳಗಿಟ್ಟಿರಲಿಲ್ಲ, ಬಾಗಿಲಲ್ಲಿ ಅದೇ ದನಿ.

"ಅಕ್ಕಾ, ನಿನ್ ಚೀಟಿ ಸಿಗ್ಲಿಲ್ಲ ಕಣಕ್ಕ! ಯಾವನೋ ಮೀಸೆಯವನು ಬಂದಿದ್ದ. ತಲೆಕೆಟ್ಟೋನ್ ಥರ ಕೂಗ್ಬಿಟ್ಟ!"

ಅಷ್ಟು ಹೇಳಿ ಒಳಗೆ ನೋಡಿದವಳು ನನ್ನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

ಆಗ ಎಲ್ಲ ಹೊರಬಿತ್ತು. ನಿಮ್ಮ ಅಜ್ಜಿ, ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆ ಹೂವಿನಕ್ಕನಿಗೆ ಮಾಲೆ ಕಟ್ಟಿಕೊಟ್ಟು ಬಂದ ದುಡ್ಡಿನಲ್ಲಿ, ಹೂವಿನಕ್ಕನ ಹೆಸರಿನಲ್ಲಿ, ಅದೇ ಗಿರಣಿಯಲ್ಲಿ, ಅದೇ ಚೀಟಿಗೆ ಸೇರಿದ್ದಳು. ಅದೂ ಅದೇ ಫೀಸಿಗಾಗಿ! ಬೇರೆ ಯಾರೂ ಕೂಗೇ ಇರಲಿಲ್ಲ. ಇನ್ನೂರು ಬಿಟ್ಟಿದ್ದರೆ ಮುಗಿಯುತ್ತಿದ್ದ ಚೀಟಿಗೆ ಗಂಡ ಹೆಂಡತಿ ಸೇರಿ ಒಂದೂವರೆ ಸಾವಿರ ಬಿಟ್ಟಿದ್ದೆವು.

"ನನಗೊಂದು ಮಾತು ಹೇಳೋದಲ್ವಾ?" ಎಂದೆ.

"ಕೇಳಿದ್ನಲ್ರೀ, ಎರಡು ಸಲ," ಎಂದಳು. ಅಷ್ಟೇ. ನಾನು ತಲೆ ತಗ್ಗಿಸಿದೆ.

ಆಮೇಲೆ ಒಳಜೇಬನ್ನು ಚಾಪೆಯ ಮೇಲೆ ಬೋರಲು ಹಾಕಿದೆ. ನೂರ ಇಪ್ಪತ್ತು ಬಿತ್ತು. ಅವಳು ಅಕ್ಕಿ ಡಬ್ಬದಲ್ಲಿ ಕೈ ಆಡಿಸಿ ನೂರ ತೊಂಬತ್ತು ತೆಗೆದಳು. ಚೀಟಿಯಲ್ಲಿ ಹಂಚಿದ ಪಾಲು ನನ್ನದು ಎಪ್ಪತ್ತೈದು, ಅವಳದು ಎಪ್ಪತ್ತೈದು. ಆದರೂ ನಲವತ್ತು ಕಡಿಮೆ. ಹೂವಿನಕ್ಕ ಸೊಂಟದ ಚೀಲದಿಂದ ಹತ್ತರ ನಾಲ್ಕು ನೋಟು ತೆಗೆದಿಟ್ಟಳು. "ಸಾಲ ಅಲ್ಲಣ್ಣ, ನನ್ ಬಾಯಿಗೆ ದಂಡ," ಎಂದಳು. ಸೋಮವಾರ ಹನ್ನೊಂದು ಗಂಟೆಗೆ ನಾವಿಬ್ಬರೂ ಒಟ್ಟಿಗೆ ಹೋಗಿ ಫೀಸು ಕಟ್ಟಿದೆವು. ಆಮೇಲಿನ ಪ್ರತಿ ಶನಿವಾರ ಬಟವಾಡೆ ಮೊದಲು ಚಾಪೆಗೆ ಬಂತು, ಜೇಬಿಗೆ ಆಮೇಲೆ.

ಈಗ ಇಂದಿರಾನಗರದ ನಿಮ್ಮ ಮನೆಯಲ್ಲಿ ದುಡ್ಡು ಕಣ್ಣಿಗೇ ಬೀಳುವುದಿಲ್ಲ, ಫೋನು ಟಿಣ್ ಎಂದರೆ ಆಯಿತು. ಮೊನ್ನೆ ಪುಟ್ಟನ ಹುಟ್ಟುಹಬ್ಬಕ್ಕೆ ಒಂದೇ ಬಣ್ಣದ ಎರಡು ಸೈಕಲ್ ಬಂದವಲ್ಲ? ಒಂದು ಅಪ್ಪ ತರಿಸಿದ್ದು, ಒಂದು ಅಮ್ಮ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. "ಒಂದನ್ನ ವಾಪಸ್ ಕಳಿಸಿದ್ರಾಯ್ತು ಬಿಡಪ್ಪ," ಎಂದಳು ನಿಮ್ಮ ಅಮ್ಮ. ನಾನು ನಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಿಮ್ಮ ಅಜ್ಜಿಯ ಮುಖ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ನಾವು ಅಂದು ಕೂಗಿದ್ದನ್ನು ವಾಪಸ್ ಕಳಿಸುವ ಹಾಗಿರಲಿಲ್ಲ.