ಚಕ್ಕಡಿಯ ಹಿಂದೆ ಚನ್ನವೀರಪ್ಪ

ಹೊಸ ಹೋರಿಗಳಿಗೆ ಜೊತೆಯಾಗಿ ಹೆಜ್ಜೆ ಹಾಕಲು ಕಲಿಸುವವರು ಬನವಾಸಿಯ ಸುತ್ತ ಈಗ ಹೆಚ್ಚು ಉಳಿದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಎತ್ತು ಕಟ್ಟುವವರು ತಮ್ಮ ಹೋರಿಗಳನ್ನು ಹೊಡೆದುಕೊಂಡು ಗೌರಕ್ಕನ ಮನೆಗೇ ಬರುತ್ತಾರೆ. ಒಂದು ಮುಂದಕ್ಕೆ ಎಳೆದು ಇನ್ನೊಂದು ಹಿಂದೆ ಬಿದ್ದರೂ ಆಕೆ ಬಾರುಕೋಲು ಎತ್ತುವವಳಲ್ಲ. ನೊಗ ಹೂಡಿ, ಹಗ್ಗ ಸಡಿಲ ಬಿಟ್ಟು, ತಾನೇ ಮುಂದೆ ನಡೆಯುತ್ತಾಳೆ. ಅವಸರದ ಹೋರಿ ತಾನಾಗಿ ತಗ್ಗುತ್ತದೆ.

ಕಳೆದ ವರ್ಷ ಗಂಡ ಚನ್ನವೀರಪ್ಪನಿಗೆ ಲಕ್ವ ಹೊಡೆಯಿತು. ಕೈ ಸುಧಾರಿಸಿತು; ಎಡಗಾಲು ಮಾತ್ರ ನೆಲ ಬಿಟ್ಟು ಏಳಲಿಲ್ಲ. ದಿನಾ ನಡೆಸಿ ಎಂದು ಶಿರಸಿಯ ಡಾಕ್ಟರು ಹೇಳಿದ್ದರು. ಅವನೋ ಕಟ್ಟೆ ಇಳಿಯಲೊಲ್ಲ. ಒಂದು ಕಾಲಕ್ಕೆ ಬಸ್ಸು ತಪ್ಪಿದರೆ ಅಡ್ಡದಾರಿಯಲ್ಲಿ ನಡೆದು ಮುಂದಿನ ಊರಲ್ಲಿ ಅದೇ ಬಸ್ಸು ಹಿಡಿಯುತ್ತಿದ್ದವನು.

"ಕಾಲು ಎಳಕೋತ ಹೋದ್ರ ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ. ನಾಕು ದಿನಕ್ಕ ಅವರಿಗೇ ಬ್ಯಾಸರ ಆಗತೈತಿ."

ಮರುದಿನ ಬೆಳಿಗ್ಗೆ ಗೌರಕ್ಕ ಹಳೆಯ ಎತ್ತುಗಳನ್ನು ಖಾಲಿ ಚಕ್ಕಡಿಗೆ ಹೂಡಿ, ಚಕ್ಕಡಿಯ ಹಿಂದಿನ ಅಡ್ಡಪಟ್ಟಿಯನ್ನು ಗಂಡನ ಕೈಗೆ ಹಿಡಿಸಿದಳು.

"ನಾನೇನು ಹೋರಿ ಏನ?"

"ಹೋರಿ ಇಷ್ಟು ಮಾತಾಡಂಗಿಲ್ರಿ. ನಡೀರಿ."

ಅವನಿಗೆ ನಗು ಬಂತು. ಅಂದು ಕೆರೆ ಏರಿಯವರೆಗೆ ಹೋಗಿಬಂದರು.

ಒಂದು ದಿನ ಕೈಜಾರಿ ಅವನು ರಸ್ತೆಯಲ್ಲೇ ಬಿದ್ದ. ಗೌರಕ್ಕ ಎತ್ತುಗಳನ್ನು ತಡೆದಳು. ಎಬ್ಬಿಸಲು ಮಾತ್ರ ಹೋಗಲಿಲ್ಲ. ಅವನು ಗಾಲಿ ಹಿಡಿದು, ಏದುಸಿರು ಬಿಡುತ್ತ, ಕೊನೆಗೂ ಎದ್ದು ನಿಂತ.

"ಬಂದು ಎತ್ತಬಾರದೇನ?" ಸಿಟ್ಟಿನಿಂದ ಕೇಳಿದ.

"ನೀವು ಏಳತೀರಿ ಅಂತ ನನಗ ಗೊತ್ತಿತ್ತು," ಎಂದಳು. ಯಾವಾಗಲೂ ಸಡಿಲ ಬಿಡುವ ಹಗ್ಗವನ್ನು ಅವಳು ಮುಷ್ಟಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಅವನು ಅದನ್ನು ನೋಡಿದ. ಪಟ್ಟಿಗೆ ಕೈ ಹಾಕಿದ.

ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಅವನ ಹೆಬ್ಬೆರಳು ನೆಲ ಕೆರೆಯುವುದು ನಿಂತಿತು. ನಡಿಗೆ ಮೊದಲಿನಂತಾಗಲಿಲ್ಲ. ಎಡಗಾಲು ಇವತ್ತಿಗೂ ಅರ್ಧ ಸುತ್ತು ಬಳಸಿಯೇ ಮುಂದೆ ಬರುತ್ತದೆ.

ಆ ಕಾಲಿನಲ್ಲೇ ಅವನು ಗೌರಕ್ಕನ ಚಕ್ಕಡಿಯ ಜೊತೆ ಬನವಾಸಿಯ ಸಂತೆಗೆ ಹೋದ. ಬೀಜದ ಅಂಗಡಿಯ ಮೆಟ್ಟಿಲ ಬಳಿ ಗೌರಕ್ಕ ಕೈ ಚಾಚಿದಳು. "ನೀ ಎತ್ತು ನೋಡಿಕೋ," ಎಂದು ಹತ್ತಿಯೇ ಬಿಟ್ಟ. ಒಳಗೆ ಮೆಣಸಿನ ಬೀಜ ಹಳೆಯದೆಂದು ಅವನು ಜಗಳ ತೆಗೆದದ್ದು ರಸ್ತೆಯವರೆಗೂ ಕೇಳುತ್ತಿತ್ತು. ಗೌರಕ್ಕ ಎತ್ತುಗಳಿಗೆ ಹುಲ್ಲು ಹಾಕಿ, ಒಂದು ಚಹಾ ಹೇಳಿ, ಆರಾಮಾಗಿ ಕುಳಿತಳು.