ಗುಡಾಣ ಸುಮ್ಮನಾಯಿತೆಂದ ಒಕ್ಬುನ್

ಒಕ್ಬುನ್ ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿದೆ ಎಂಬುದು ಮಾತ್ರ ಅಜ್ಜಿಗೆ ಗೊತ್ತಿರಲಿಲ್ಲ. ಯಾರು ಏನೇ ಹೇಳಲಿ, "ಅದೇ ಮತ್ತೆ" ಎಂದು ತಲೆದೂಗಿ ಸಾಗಹಾಕುತ್ತಿದ್ದಳು. ಹಂದಿ ತಪ್ಪಿಸಿಕೊಂಡಿತೆಂದು ಅಳುತ್ತ ಬಂದವನಿಗೂ, "ಅದೇ ಮತ್ತೆ, ಒಳ್ಳೇದಾಯ್ತು ಬಿಡು" ಎಂದು ಬೆನ್ನು ತಟ್ಟಿ ಕಳಿಸಿದ್ದಳು.

ಕಿವುಡೆಂದು ಒಪ್ಪಿಕೊಳ್ಳದಿರಲು ಕಾರಣವಿತ್ತು. ಆ ಊರಿನಲ್ಲಿ ನಾಟಿಗೂ ಹಬ್ಬಕ್ಕೂ ಮಕ್ಕೊಲ್ಲಿ, ಅಂದರೆ ಹಾಲಿನ ಬಣ್ಣದ ಅಕ್ಕಿ ಬಿಯರು, ಮಾಡುವವಳು ಅವಳೇ. ಬೆಂದ ಅಕ್ಕಿಗೆ ಗೋಧಿಯ ಹುದುಗು ಕಲಸಿ ಗುಡಾಣಕ್ಕೆ ತುಂಬುವುದು ಯಾರಿಗೆ ಬೇಕಾದರೂ ಬರುತ್ತದೆ. ಸೋಸಿ ಬಾಟಲಿಗೆ ಯಾವಾಗ ತುಂಬಬೇಕು ಎಂಬುದೇ ಕಷ್ಟ. ಅವಸರ ಮಾಡಿದರೆ ಬಾಟಲಿ ಉಬ್ಬಿ ಒಡೆಯುತ್ತದೆ, ತಡ ಮಾಡಿದರೆ ಹುಳಿ ಮೂಗಿಗೇರುತ್ತದೆ. ಒಕ್ಬುನ್ ಗುಡಾಣಕ್ಕೆ ಕಿವಿಯಾನಿಸಿ ಕೂರುತ್ತಿದ್ದಳು. ಒಳಗೆ ಅದು ಪಿಸಿಪಿಸಿ ಮಾತಾಡುವಷ್ಟು ದಿನ ಮುಟ್ಟುವ ಹಾಗಿಲ್ಲ. ಸುಮ್ಮನಾದ ದಿನ "ಆಯ್ತು" ಎನ್ನುತ್ತಿದ್ದಳು, ಆ ಒಂದು ಮಾತಿಗೆ ಊರೇ ಬಾಯಿ ಚಪ್ಪರಿಸಿಕೊಂಡು ಕಾಯುತ್ತಿತ್ತು. ಕಿವಿ ಹೋಯಿತೆಂದರೆ ಆ ಮಾತೂ ಹೋಯಿತು. ಅದು ಓರಗಿತ್ತಿ ಮಾಲ್ಸುನಳ ಪಾಲಾಗುವುದನ್ನು ನೆನೆದರೇ ಅಜ್ಜಿಗೆ ಹೊಟ್ಟೆ ಉರಿಯುತ್ತಿತ್ತು.

ವಸಂತ ಬಂತು. ಊರ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಸಮುದ್ರ ನೋಡಲು ಹೊರಡುವ ಕಾಲ. ಹೋದ ವರ್ಷವೇ ಕ್ಷೀಣವಾಗಿದ್ದ ಗುಡಾಣದ ಸದ್ದು ಈ ಸಲ ಅಜ್ಜಿಗೆ ಪೂರ್ತಿ ನಿಂತೇ ಹೋಗಿತ್ತು.

"ಆಯ್ತು," ಎಂದಳು.

ಮಾಲ್ಸುನ್ ಬಗ್ಗಿ ಕೇಳಿಸಿಕೊಂಡಳು. "ಅಕ್ಕ, ಇನ್ನೂ ಕುದೀತಾನೇ ಇದೆ. ತಾಳು, ಕಡ್ಡಿ ಗೀರಿ ನೋಡೋಣ." ಉರಿಯುವ ಕಡ್ಡಿಯನ್ನು ಗುಡಾಣದ ಬಾಯೊಳಗೆ ಹಿಡಿದಾಗ ಆರಿಹೋದರೆ ಇನ್ನೂ ಮುಗಿದಿಲ್ಲ ಎಂದರ್ಥ.

"ಅದೇ ಮತ್ತೆ," ಎಂದ ಅಜ್ಜಿ ಸೋಸುವ ಬಟ್ಟೆ ಕೈಗೆತ್ತಿಕೊಂಡಳು.

ಮಾಲ್ಸುನ್ ಬೆಂಕಿಪೆಟ್ಟಿಗೆಯನ್ನು ಅವಳ ಮೂಗಿನ ಮುಂದೆ ಆಡಿಸಿದಳು.

"ಕಡ್ಡಿ ಬೇಕಾಗೋದು ಕಿವಿ ಇಲ್ದೋರಿಗೆ ಕಣೇ. ನಮ್ಮತ್ತೆ ಇದ್ದಿದ್ರೆ ನಿನ್ನ ಕೈ ಮುರೀತಿದ್ಲು."

ಸೋಸಿದ್ದನ್ನು ಬಾಟಲಿಗಳಿಗೆ ತುಂಬಿ, ಬಸ್ಸಿನ ದಾರಿಯಲ್ಲಿ ಚೆಲ್ಲಬಾರದೆಂದು ಅಜ್ಜಿ ಮುಚ್ಚಳಗಳನ್ನು ತಾನೇ ಹಲ್ಲು ಕಚ್ಚಿ ಬಿಗಿದಳು.

ಊರು ದಾಟುವ ಮೊದಲೇ ಬಸ್ಸಿನಲ್ಲಿ ಹಾಡು ಶುರುವಾಯಿತು, ಕಿಟಕಿಗಳ ಪರದೆ ಎಳೆದದ್ದಾಯಿತು, ಸೀಟುಗಳ ನಡುವೆ ಕುಣಿತವೂ ಶುರುವಾಯಿತು. ಮಂಡಿನೋವು, ಸೊಂಟನೋವುಗಳೆಲ್ಲ ಊರಲ್ಲೇ ಉಳಿದಿದ್ದವು. ಒಕ್ಬುನ್ ಎಲ್ಲರಿಗಿಂತ ಮುಂದೆ, ಡ್ರೈವರನ ಬೆನ್ನಿಗೆ. ಹಾಡು ಕೇಳಿಸದಿದ್ದರೇನು, ಬಸ್ಸಿನ ನೆಲವೇ ಅಂಗಾಲಿಗೆ ತಾಳ ಕೊಡುತ್ತಿತ್ತು. ಕೈ ಚಾಚಿ, ಕಣ್ಣು ಮುಚ್ಚಿ, ಭುಜ ಕುಣಿಸುತ್ತ ಅವಳು ತೇಲಿಹೋಗಿದ್ದಳು.

ಹಿಂದಿನ ಸೀಟಿನಲ್ಲಿ, ಬಿಸಿಲಿಗೆ ಕಾದ ಮೊದಲ ಬಾಟಲಿ ಢಂ ಎಂದಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಟೈರು ಹೋಯಿತೆಂದು ಡ್ರೈವರ್ ಬಸ್ಸನ್ನು ಬದಿಗೆ ಹಾಕಿ ಕೆಳಗೆ ಧುಮುಕಿದ. ಹೆಂಗಸರೆಲ್ಲ ತಲೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತರು. ತಾಳ ತಪ್ಪಿತಲ್ಲ ಎಂದು ಒಕ್ಬುನ್ ತಿರುಗಿ ನೋಡಿದಳು. ಎಲ್ಲರೂ ಕೂತಿದ್ದಾರೆ. ಹೊಸ ಕುಣಿತವಿರಬೇಕೆಂದು ತಾನೂ ತಲೆ ಮೇಲೆ ಕೈಯಿಟ್ಟು, ಸೊಂಟ ತಿರುಗಿಸುತ್ತ ಕುಕ್ಕರಿಸಿದಳು.

ಬಸ್ಸಿನ ಚಾವಣಿಯಿಂದ ಒಂದು ಬಿಳಿ ಹನಿ ಅವಳ ಮೂಗಿನ ಮೇಲೆ ಬಿತ್ತು, ತುಟಿಗೆ ಇಳಿಯಿತು. ನೆಕ್ಕಿದಳು. ಇನ್ನೂ ಸಿಹಿಯಿತ್ತು, ಹುದುಗುವುದು ಮುಗಿದಿರಲಿಲ್ಲ.

ಅವಳಿಗೆ ಎಲ್ಲ ತಿಳಿಯಿತು. ಮುಖ ಬಾಡಿತು. ಮಾಲ್ಸುನ್ ಪಕ್ಕಕ್ಕೆ ಬಂದು ಕೂತಳು.

"ಸದ್ದಾಯ್ತೇನೇ?"

"ಆಯ್ತಕ್ಕ." ಈ ಸಲ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

"ಜೋರಾಗಾ?"

"ಡ್ರೈವರ್ ಇನ್ನೂ ಕೆಳಗೇ ಇದಾನೆ. ಟೈರು ಒದ್ದು ಒದ್ದು ನೋಡ್ತಿದಾನೆ."

ಒಕ್ಬುನ್ ಕಿಟಕಿಯಿಂದ ಇಣುಕಿದಳು. ಅಳಬೇಕೆಂದೇ ಬಾಯಿ ತೆರೆದಳು, ನಗು ಹೊರಬಂತು. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ತೊಯ್ದ ಪರದೆ ಹಿಂಡಿ ಕುಡಿದವರೂ ಇದ್ದರು.

"ಇನ್ಮೇಲೆ ನೀನೇ ಹೇಳು ಮಾರಾಯ್ತಿ, ಆಯ್ತೋ ಇಲ್ವೋ ಅಂತ," ಎಂದಳು ಕಣ್ಣೊರೆಸಿಕೊಂಡು.

"ನಂಗ್ಯಾಕಕ್ಕ ಊರ ಬೈಗುಳ? ನಡಿ, ಕಿವಿಗೆ ಮಿಷನ್ ಹಾಕಿಸ್ತೀನಿ."

ಹಾಕಿಸಿಯೇಬಿಟ್ಟಳು. ಪೇಟೆಯಿಂದ ಬಂದ ಒಕ್ಬುನ್, ದಾರಿಯಲ್ಲಿ ಮಾತಾಡಿಸಿದವರಿಗೆ ಕೈಬೀಸಿ, ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. ಕಂಬಳಿ ಹೊದ್ದ ಹೊಸ ಗುಡಾಣ ಅಲ್ಲಿತ್ತು. ಕಿವಿಯಾನಿಸಿದಳು. ಮಿಷನ್ ಕೀಂ ಎಂದಿತು. ತಲೆಯನ್ನು ತುಸು ಹಿಂದೆ ಸರಿಸಿ ಉಸಿರು ಬಿಗಿಹಿಡಿದಳು.

ಮಾಲ್ಸುನ್ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತಿದ್ದಳು. ಅಜ್ಜಿ ಏಳಲೇ ಇಲ್ಲ. ಕೆನ್ನೆ ಒದ್ದೆಯಾಗಿತ್ತು.

"ಆಯ್ತಾ ಅಕ್ಕ?" ಹಳೆಯ ರೂಢಿಯಂತೆ ಮಾಲ್ಸುನ್ ಕೂಗಿಯೇ ಕೇಳಿದಳು.

"ಕೂಗ್ಬೇಡ್ವೇ," ಎಂದಳು ಒಕ್ಬುನ್. "ಇನ್ನೂ ಮಾತಾಡ್ತಿದೆ."