ಹೂ ಮಾರುವವಳಿಗೆ ಲಿಂಬೆ ಯಾಕೆ?

ನಾನು ಮೊದಲ ಸಲ ಕನ್ನಡಕ್ಕೆ ಅನುವಾದಿಸಿದ್ದು ಒಂದು ಮಕ್ಕಳ ಕಾದಂಬರಿ. ಹಡಗು ಹತ್ತಿ ಪರದೇಶದ ದೊಡ್ಡ ನಗರವೊಂದಕ್ಕೆ ವಲಸೆ ಬಂದ ಯಹೂದಿ ಕುಟುಂಬದ ಕಥೆ. ಇಡೀ ಸಂಸಾರ ಒಂದೇ ಕೋಣೆಯಲ್ಲಿ. ತಾಯಿ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಮೀನು ಮಾರುತ್ತಾಳೆ. ಶುಕ್ರವಾರ ಹೊತ್ತು ಮುಳುಗಿತೆಂದರೆ ಅವರಿಗೆ ಸಬ್ಬತ್, ಕೆಲಸ ಮಾಡುವಂತಿಲ್ಲ. ಅದಕ್ಕೆ ಮುಂಚೆ ಅವಳು ಓಡೋಡಿ ಮನೆಗೆ ಬಂದು, ಕೈಗೆ ಲಿಂಬೆ ತಿಕ್ಕಿ ತೊಳೆದು, ಮೇಣದಬತ್ತಿ ಹಚ್ಚುತ್ತಾಳೆ. ಶಾಲೆಯಲ್ಲಿ ಮೀನು ನಾತವೆಂದು ಹಂಗಿಸಿಕೊಂಡು ಬಂದ ಮಗಳು ಆ ಕೈಯನ್ನು ಹಿಡಿದು ಮೂಸುತ್ತಾಳೆ.

ಆ ಪುಟ ಓದಿದಾಗಲೇ ಇದನ್ನು ಕನ್ನಡಕ್ಕೆ ನಾನೇ ತರಬೇಕು ಅನ್ನಿಸಿತ್ತು. ನನ್ನ ಅಮ್ಮ ತೊಕ್ಕೊಟ್ಟು ಪೇಟೆಯಲ್ಲಿ ಮೀನು ಮಾರಿದವಳು. ಲಿಂಬೆ ಸಿಪ್ಪೆಯಿಂದ ಉಗುರಿನ ಸಂದಿ ತಿಕ್ಕಿಕೊಳ್ಳದೆ ನನ್ನ ಜಡೆ ಮುಟ್ಟುತ್ತಿರಲಿಲ್ಲ. ಆದರೂ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದು ಮೀನಿನ ಬುಟ್ಟಿಯಿಂದ ಬಂದ ಡಿಗ್ರಿ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಜಂಬವೇ ಇದೆ.

ಹಸ್ತಪ್ರತಿ ಓದಿ ಮುಗಿಸಿದ ಪ್ರಕಾಶಕರು ಮಧ್ಯಾಹ್ನದ ಊಟಕ್ಕೆ ಹೋಟೆಲಿಗೆ ಕರೆದರು. ತಮಗೆ ಅಂಜಲ್ ಮೀನಿನ ಫ್ರೈ ತರಿಸಿಕೊಂಡರು.

"ಭಾಷೆ ಚಂದ ಉಂಟು ಮೇಡಂ. ಒಂದೇ ಒಂದು ಸಣ್ಣ ಚೇಂಜ್. ಆ ತಾಯಿ ಮೀನು ಮಾರುವುದು ಬೇಡ. ಹೂ ಮಾರಲಿ."

"ಎಂತಕ್ಕೆ?"

"ಶಾಲೆಗಳಿಗೆ ಹೋಗುವ ಪುಸ್ತಕ ಅಲ್ವಾ ಮಾರಾಯ್ರೆ. ಮೀನು, ನಾತ ಅಂತೆಲ್ಲ ಇದ್ರೆ ಮಕ್ಕಳಿಗೆ ಹೇಸಿಗೆ ಆಗ್ತದೆ. ಅದೂ ಶುಕ್ರವಾರ, ದೀಪ ಹಚ್ಚುವಾಗ!"

"ಮಕ್ಕಳಿಗಾ, ನಿಮಗಾ?"

"ನನಗೆಂತ ಹೇಸಿಗೆ? ತಿಂತಾ ಇಲ್ವಾ!" ಎಂದು ನಕ್ಕು ನಡುಮುಳ್ಳನ್ನು ಚೀಪಿದರು. ಗಲ್ಲಕ್ಕೆ ಮಸಾಲೆ ಅಂಟಿತ್ತು.

"ಹೂ ಮಾರುವವಳು ಕೈಗೆ ಲಿಂಬೆ ಯಾಕೆ ತಿಕ್ಕುತ್ತಾಳೆ ಸರ್?"

"ಹೌದಲ್ಲ! ಅದನ್ನೂ ತೆಗೆದುಬಿಡಿ."

"ಮಗಳು ಮೂಸುವುದು?"

"ಮೂಸಲಿ. ಮಲ್ಲಿಗೆ ಪರಿಮಳ ಬರಲಿ. ಇನ್ನೂ ಚಂದ ಆಗ್ತದೆ."

ಅಷ್ಟರಲ್ಲಿ ವೇಟರ್ ಕೈತೊಳೆಯಲು ಬಿಸಿನೀರಿನ ಬಟ್ಟಲು ತಂದಿಟ್ಟ. ಒಳಗೊಂದು ಲಿಂಬೆ ಹೋಳು. ಮಾತಾಡುತ್ತಲೇ ಅವರು ಅದನ್ನೆತ್ತಿ ಬೆರಳು ಬೆರಳಿಗೂ ತಿಕ್ಕಿದರು. ಕೈ ಮೂಸಿ ನೋಡಿದರು. ಸಾಲಲಿಲ್ಲವೇನೋ, ಇನ್ನೊಮ್ಮೆ ತಿಕ್ಕಿದರು. ಬಟ್ಟಲಿನ ನೀರು ಕೆಂಪಗಾಗಿ ಮೇಲೆ ಎಣ್ಣೆ ತೇಲಿತು.

ಹಸ್ತಪ್ರತಿಯ ಕಟ್ಟನ್ನು ನನ್ನ ಕಡೆಗೆ ಎಳೆದುಕೊಂಡೆ.

"ತಿದ್ದಿ ಯಾವಾಗ ಕೊಡ್ತೀರಿ?"

"ಕೊಡುವುದಿಲ್ಲ. ಕೊಂಡು ಹೋಗ್ತೇನೆ."

"ಒಂದು ಮೀನಿಗೋಸ್ಕರ ಮೊದಲ ಪುಸ್ತಕ ಬಿಡ್ತೀರಾ ಮಾರಾಯ್ರೆ?"

ಅವರು ಒದ್ದೆ ಕೈ ಚಾಚಿದರು. ನಾನು ಕುಲುಕಲಿಲ್ಲ.

ಆ ಪುಸ್ತಕ ಇಂದಿಗೂ ಅಚ್ಚಾಗಿಲ್ಲ. ನನ್ನ ಕಪಾಟಿನಲ್ಲಿದೆ. ಅದರಲ್ಲಿ ತಾಯಿ ಮೀನೇ ಮಾರುತ್ತಾಳೆ.